ವಾಸದ ಗುರುತು

ಅಡುಗೆಮನೆಯಲ್ಲಿ ಸದ್ದಿಲ್ಲ ಎನ್ನುವುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾಲ್ಕು ವರ್ಷದಿಂದ ದಿನಾ ಆ ಸದ್ದಿಗೇ ಎಚ್ಚರವಾಗುತ್ತಿದ್ದರೂ ಒಮ್ಮೆಯಾದರೂ ಅದನ್ನು ಕಿವಿಗೊಟ್ಟು ಕೇಳಿದವನಲ್ಲ. ನಲ್ಲಿ ಬಿಡುವ ಸದ್ದು, ಲೈಟರಿನ ಟಿಕ್ ಟಿಕ್, ಪಾತ್ರೆಯ ಮುಚ್ಚಳ, ನಡುವೆ ಅಕ್ಕನ ಸಣ್ಣ ಕೆಮ್ಮು. ಇವತ್ತು ಯಾವುದೂ ಇಲ್ಲ. ಪಕ್ಕದಲ್ಲಿ ಹೆಂಡತಿ ಎದ್ದು ಕೂತು ಕೂದಲು ಗಂಟು ಹಾಕಿಕೊಳ್ಳುತ್ತ, "ನಿಮ್ಮಕ್ಕ ಇನ್ನೂ ಎದ್ದಿಲ್ವಾ?" ಎಂದಳು. ಅವನು ಗೋಡೆಯ ಕಡೆ ಹೊರಳಿದ. ಎದ್ದಿದ್ದಾಳೆ, ಎದ್ದು ಹೋಗಿದ್ದಾಳೆ, ಹೋದದ್ದು ಎಲ್ಲಿಗೆ ಎನ್ನುವುದೂ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ಕಣ್ಣೆತ್ತದೆ, ಯಾರಿಗೂ ಅಲ್ಲವೆಂಬಂತೆ, "ನಾಳೆ ಹನ್ನೊಂದನೇ ಬ್ಲಾಕು" ಅಂದಿದ್ದ. ಹನ್ನೊಂದನೇ ಬ್ಲಾಕಿನಲ್ಲಿ ಅಕ್ಕನ ಮನೆಯಿತ್ತು. ಅಕ್ಕ ಬಡಿಸುತ್ತಿದ್ದಳು. ಸೌಟು ನಿಲ್ಲಲಿಲ್ಲ. "ಗೊತ್ತಿಲ್ಲ" ಎಂದು ಅವನು ಈಗ ಗೋಡೆಗೇ ಹೇಳಿದ. ಹೆಂಡತಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿದ ವಾಸನೆ ಬಂತು, ಜೊತೆಗೆ, "ಹೇಳಿ ಹೋಗೋಕೆ ಏನಾಗಿತ್ತು? ನಂಗೂ ಆಫೀಸಿದೆ ಅಂತ ಗೊತ್ತಿಲ್ವಾ? ರಾತ್ರಿ ನೆನೆಸಿಟ್ಟ ಬಟ್ಟೆನೂ ಕಾಣ್ತಿಲ್ಲ, ಬಕೆಟ್ ಖಾಲಿ" ಎನ್ನುವ ಮಾತು. ಮಗಳು ಕೆದರಿದ ತಲೆಯಲ್ಲಿ ಬಂದು ಮಂಚದ ಪಕ್ಕ ನಿಂತಳು. "ಅಪ್ಪ, ಅತ್ತೆ ಎಲ್ಲಿ? ನಂಗೆ ಜಡೆ ಹಾಕ್ಬೇಕು." ಅವನೇ ಜಡೆ ಹಾಕಲು ಕೂತ. ಮೂರು ಎಳೆ ಎಲ್ಲರಿಗೂ ಗೊತ್ತು, ಆದರೆ ಯಾವುದನ್ನು ಯಾವುದರ ಮೇಲೆ ತರಬೇಕೋ ಬೆರಳಿಗೆ ಗೊತ್ತಿರಬೇಕು. ಕೊನೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕಳಿಸಿದ. ಹಾಲ್‌ನ ಬಾಗಿಲ ಹಿಂದೆ ಅಕ್ಕನ ಚಾಪೆ ಎಂದಿನಂತೆ ಸುರುಳಿ ಸುತ್ತಿ ನಿಂತಿತ್ತು. ಮೊಳೆಯಲ್ಲಿ ಅವಳ ಚೀಲ ಇರಲಿಲ್ಲ.

ಅವನದು ರಾಜ್ಯ ಸರ್ಕಾರದ ವಸತಿ ಮಂಡಳಿಯಲ್ಲಿ ವಾಸ ತಪಾಸಣೆಯ ಕೆಲಸ. ಊರ ನಡುವಿನ ಹಳೆಯ ವಠಾರಗಳನ್ನು ಸರ್ಕಾರ ಕೆಡವಿ, ಅಲ್ಲಿದ್ದವರಿಗೆ ಊರಾಚೆ ಬ್ಲಾಕು ಕಟ್ಟಿಸಿ, ಮನೆಗೊಂದು ಮನೆ ಕೊಟ್ಟಿತ್ತು. ಪಡೆದವರು ಅಲ್ಲೇ ಬಾಳಬೇಕು. ಬೀಗ ಹಾಕಿಡುವುದು, ಬಾಡಿಗೆಗೆ ಬಿಡುವುದು ಕೂಡದು. ಬಾಳುತ್ತಿಲ್ಲವೆಂದು ಗೊತ್ತಾದರೆ ಮನೆ ವಾಪಸು, ಸರದಿಯಲ್ಲಿ ಕಾದಿರುವ ಮುಂದಿನವರಿಗೆ. ನಿಯಮ ಕೆಟ್ಟದ್ದೇನಲ್ಲ. ಸರದಿಯಲ್ಲಿ ಕಾಯುವವರು ಮೇಲ್ಸೇತುವೆಯ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಮಕ್ಕಳನ್ನು ಸಾಕುವುದನ್ನು ಅವನೇ ನೋಡಿದ್ದ. ಆದರೆ ಬಾಳುತ್ತಿದ್ದಾರೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವವರು ಯಾರು? ಪಕ್ಕದ ಮನೆಯವರು ಹೇಳುವುದಿಲ್ಲ, ಕರೆಂಟಿನ ಮೀಟರನ್ನು ಒಂದು ಬಲ್ಬು ಹಚ್ಚಿಟ್ಟು ತಿರುಗಿಸಬಹುದು. ಅದಕ್ಕೇ ಅವನು ವಸ್ತುಗಳನ್ನು ಕೇಳುವುದು ಕಲಿತಿದ್ದ. ಒಲೆಯ ಮೇಲೆ ಮುಂಗೈ ಹಿಂಬದಿ ಇಟ್ಟು ನೋಡುವುದು. ಹಲ್ಲುಜ್ಜುವ ಬ್ರಶ್ಶಿನ ಮೇಲೆ ಹೆಬ್ಬೆರಳು ಎಳೆಯುವುದು. ಎಲ್ಲಕ್ಕಿಂತ ಹೆಚ್ಚಾಗಿ ಸೋಪು. ದಿನಾ ಕೈ ಸೋಕುವ ಸೋಪು ಮೆತ್ತಗಿರುತ್ತದೆ, ಯಾರೂ ಮುಟ್ಟದ ಸೋಪು ಹಿಮ್ಮಡಿಯ ಹಾಗೆ ಬಿರಿಯುತ್ತದೆ. ಮಂಡಳಿಯಲ್ಲಿ ಅವನಿಗೆ ಸೋಪು ಸಾಹೇಬ ಅಂತಲೇ ಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಅವನು ಬಾಗಿಲು ದಾಟುವಷ್ಟರಲ್ಲಿ ಅನ್ನುತ್ತಿದ್ದರು. ಅವನಿಗೆ ಅದು ಬೇಸರವಾಗಿರಲೂ ಇಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಇವನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಅಧಿಕಾರಿಗಳು ಬರುತ್ತಾರೆಂದು ಒಬ್ಬಾತ ತಂದೂ ತಂದು ಹೊಚ್ಚಹೊಸ ಬ್ರಶ್ಶುಗಳನ್ನು ಸಾಲಾಗಿ ನಿಲ್ಲಿಸಿದ್ದನಂತೆ, ಒಂದರ ಮೇಲೂ ಪೇಸ್ಟಿನ ಗುರುತಿಲ್ಲ! ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಅಕ್ಕನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಸೋಪಿನ ತಳ ನೋಡಬೇಕು, ಮೇಲೆ ನೀರು ಚಿಮುಕಿಸಿ ಯಾರು ಬೇಕಾದರೂ ಮೋಸ ಮಾಡಬಹುದು, ತಳಕ್ಕೆ ಮೋಸ ಗೊತ್ತಿಲ್ಲ ಎಂದು ಅವನು ಹೇಳಿದ ದಿನ ಅಕ್ಕ ಮಗಳಿಗೆ ಬಿಸಿನೀರು ತರಲು ಒಳಗೆ ಹೋಗಿದ್ದಳು.

ಕೆಡವಿದ ವಠಾರಗಳಲ್ಲಿ ಅವರದೂ ಒಂದು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಅಲ್ಲೇ ಉಳಿದಿದ್ದಳು, ಬಟ್ಟೆ ಹೊಲಿದುಕೊಂಡು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಅವನ ಓದಿಗೆ ಅಂತ ಮುಂದೆ ಹೋಗಿ, ಆಮೇಲೆ ಬರುವುದನ್ನೇ ನಿಲ್ಲಿಸಿತು. ಈಗ ಬೆಳಿಗ್ಗೆ ಬಸ್ಸು ಬದಲಿಸಲು ಅವನು ಆ ಜಾಗವನ್ನೇ ಹಾದುಹೋಗಬೇಕು. ಅಲ್ಲಿ ಕಲ್ಲು ಹಾಸಿದ ದಾರಿ, ದುಂಡು ದೀಪಗಳು, ಸಂಜೆ ಹೊತ್ತು ಜನ ಕಾಫಿ ಕುಡಿಯುತ್ತ ಕೂರುವ ಬೆಂಚುಗಳು ಬಂದಿವೆ. ಚೆನ್ನಾಗಿದೆ ಎನ್ನಲು ಅವನಿಗೇನೂ ಸಂಕೋಚವಿಲ್ಲ. ಚರಂಡಿಯ ನಾತ ಕುಡಿದು ಬೆಳೆದವನು ಅವನು. ಅಡುಗೆಮನೆ ಇದ್ದ ಜಾಗದಲ್ಲಿ ಒಂದು ಬೆಂಚಿದೆ, ಅಲ್ಲಿಂದ ನಾಲ್ಕು ಹೆಜ್ಜೆ ಅಂದರೆ ಅಮ್ಮ ಸತ್ತ ಕೋಣೆ, ಈಗ ಹುಲ್ಲು. ಕಾವಲುಗಾರ ಎಂದಿನಂತೆ ಎದ್ದು ನಿಂತು ಸೆಲ್ಯೂಟು ಹೊಡೆದ. ಇದೊಂದು ಅವನಿಗೆ ದಿನದಿನದ ಶಿಕ್ಷೆ. ಈ ಕಾವಲುಗಾರನ ಫ್ಲ್ಯಾಟನ್ನು ಹೋದ ವರ್ಷ ವಾಪಸು ಪಡೆದವನು ಅವನೇ. ಒಲೆ ತಣ್ಣಗಿತ್ತು, ಸೋಪು ಬಿರಿದಿತ್ತು. ಇಡೀ ರಾತ್ರಿ ಕೆಲಸ, ಊಟ ಹೋಟೆಲಿನಲ್ಲಿ, ಸ್ನಾನ ಇಲ್ಲಿನ ಸಾರ್ವಜನಿಕ ನಲ್ಲಿಯಲ್ಲಿ, ಮನೆಗೆ ಹೋಗುವುದು ಮಲಗಲಿಕ್ಕೆ ಮಾತ್ರ ಎಂದು ಆತ ಆಮೇಲೆ ಹೇಳಿದ್ದ. ಆಮೇಲೆ ಅಂದರೆ ಎಲ್ಲ ಮುಗಿದ ಮೇಲೆ. ಈಗ ಎಲ್ಲಿ ಮಲಗುತ್ತಾನೋ ಅವನು ಕೇಳಿಲ್ಲ. ಬೈದಿದ್ದರೆ, ಮುಖ ತಿರುಗಿಸಿದ್ದರೆ ಒಂದು ಲೆಕ್ಕ. ಆತ ನೋಡಿದರೆ ಹಲ್ಲು ಕಾಣುವಂತೆ ನಕ್ಕು, "ನಮಸ್ಕಾರ ಸಾರ್, ಆರಾಮಾ?" ಎನ್ನುತ್ತಾನೆ. "ಆರಾಮು" ಎಂದು ಅವನು ಬೇಗ ಬೇಗ ನಡೆದ.

ಅಕ್ಕ ಹೊಸ ಮನೆಗೆ ಹೋದ ಮೊದಲ ವಾರವೇ ಹೆಂಡತಿಗೆ ಹೆರಿಗೆಯಾಗಿತ್ತು. ಎರಡನೆಯದು, ಉಳಿಯಲಿಲ್ಲ. ಹೆಂಡತಿ ಗೋಡೆ ನೋಡುತ್ತ ಮಲಗಿಬಿಟ್ಟಿದ್ದಳು, ಮಗಳು ಚಿಕ್ಕವಳು, ಅವನು ಬಸ್ಸಿನಲ್ಲಿ ಹೋಗಿ ಅಕ್ಕನ ಹೊಸ ಬಾಗಿಲ ಮುಂದೆ ನಿಂತಿದ್ದ. ಅವಳು ಕಿಟಕಿಗೆ ಪರದೆ ಹೊಲಿಯುತ್ತ ಕೂತಿದ್ದಳು, ಬಿಳಿಯದು, ಅಂಚಿಗೆ ನೀಲಿ ಪಟ್ಟಿ. ಈ ಕಿಟಕಿಯಲ್ಲಿ ಎಷ್ಟು ಬೆಳಕು ನೋಡೋ ಎಂದಿದ್ದಳು. ಅವನು ಒಂದೆರಡು ವಾರ ಬಾ ಎಂದಿದ್ದ. ಹೊಲಿಗೆಯನ್ನು ಹಾಗೇ ಮಡಿಸಿಟ್ಟು ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದಳು. ಹೆಂಡತಿ ಎದ್ದು ಓಡಾಡುವಂತಾದಳು, ಕೆಲಸಕ್ಕೂ ಸೇರಿದಳು. ಮಗಳಿಗೆ ಕೆಮ್ಮು, ಆಮೇಲೆ ಸ್ಕೂಲು. ಪ್ರತಿ ಸಲ ಅಕ್ಕ, "ಈ ಭಾನುವಾರ ಹೋಗ್ತೀನಿ ಕಣೋ" ಎನ್ನುತ್ತಿದ್ದಳು, ಪ್ರತಿ ಸಲ ಅವನು, "ಮುಂದಿನ ವಾರ ಹೋಗೋವಂತೆ ಬಿಡಕ್ಕ" ಎನ್ನುತ್ತಿದ್ದ. ಅವನ ಹತ್ತಿರ ಕಾರಣ ಯಾವತ್ತೂ ತಯಾರಿರುತ್ತಿತ್ತು, ಅದು ಸುಳ್ಳೂ ಆಗಿರುತ್ತಿರಲಿಲ್ಲ. ಈಚೆಗೆ ಅವಳು ಭಾನುವಾರದ ಮಾತೇ ಎತ್ತುತ್ತಿರಲಿಲ್ಲ. ತನ್ನ ಸರಹದ್ದಿಗೆ ಹನ್ನೊಂದನೇ ಬ್ಲಾಕು ಬಂದಾಗ, ಅಲ್ಲಿ ನನ್ನ ಅಕ್ಕನ ಮನೆಯಿದೆ, ಬೇರೆಯವರನ್ನು ಕಳಿಸಿ ಎಂದು ಅವನು ಬಾಯಿಬಿಡಬೇಕಿತ್ತು. ಬಿಟ್ಟರೆ ಮುಂದಿನ ಪ್ರಶ್ನೆ: ಅಕ್ಕ ಅಲ್ಲೇ ಇದ್ದಾರಾ? ಅದಕ್ಕೆ ಉತ್ತರ ಅವನ ಮನೆಯ ಅಡುಗೆಮನೆಯಲ್ಲಿತ್ತು. ಹಾಗಾಗಿ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೇ ಅಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಅವನ ಒಳಗೆ ಅಂಥದೊಂದು ಜೋಮು ಎಷ್ಟೋ ಕಾಲದಿಂದ ಇತ್ತು. ಎದ್ದು ಕಾಲೂರಿದರೆ ಚುಚ್ಚುತ್ತದೆಂದು ಏಳುತ್ತಲೇ ಇರಲಿಲ್ಲ.

ಇವತ್ತು ಜೊತೆಗೆ ಹೊಸ ಮೇಡಂ ಇದ್ದರು. ಅಧಿಕಾರಿಯಾಗಿ ಬಂದು ಸ್ವಲ್ಪ ದಿನವಾಗಿತ್ತಷ್ಟೆ, ಅವನಿಗಿಂತ ಎಷ್ಟೋ ಚಿಕ್ಕವರು, ಆದರೂ ಅವನನ್ನು ಸರ್ ಎಂದೇ ಕರೆಯುತ್ತಿದ್ದರು. ಜೀಪಿನಲ್ಲಿ, "ನಿಮ್ಮ ಬಗ್ಗೆ ತುಂಬ ಕೇಳಿದೀನಿ ಸರ್. ಇವತ್ತು ನಾನು ವಿದ್ಯಾರ್ಥಿ, ನೀವು ತೋರಿಸ್ಕೊಡಿ" ಎಂದರು. ಹೊಗಳಿಕೆ ಒಳಗೆ ಇಳಿಯಿತು, ಇಳಿಯಬಾರದಿತ್ತು, ಇಳಿಯಿತು. ಬ್ಲಾಕಿನ ಮುಂದೆ ಒಂದು ದೊಡ್ಡ ಫಲಕ, ಮನೆ ಕೊಡುವುದು ಸರ್ಕಾರ, ಬೆಳಗುವುದು ನೀವು ಎಂದು ಬರೆದದ್ದು, ಬಿಸಿಲಿಗೆ ಮಾಸಿ ಸರ್ಕಾರ ಎನ್ನುವುದಷ್ಟೇ ಉಳಿದಿತ್ತು. ಮೆಟ್ಟಿಲ ಗೋಡೆಯ ಮೇಲೆ ಕೈಗಳ ಎತ್ತರಕ್ಕೆ ಎಣ್ಣೆಯ ಜಿಡ್ಡು. ಅದು ಒಳ್ಳೆಯ ಗುರುತು, ಜನ ಇದ್ದಾರೆ ಅಂತ. ಮೊದಲ ಮನೆಗಳಲ್ಲಿ ಎಲ್ಲ ಸರಿಯಿತ್ತು. ಒಂದರಲ್ಲಿ ಮುದುಕ ಒಬ್ಬ ಒಲೆ ತೋರಿಸಿ, ಬಚ್ಚಲು ತೋರಿಸಿ, ಕೊನೆಗೆ ತನ್ನ ಹಲ್ಲುಸೆಟ್ಟನ್ನೇ ಬಾಯಿಂದ ತೆಗೆದು ಅಂಗೈ ಮೇಲಿಟ್ಟು, "ಇದೂ ಒದ್ದೆಯಾಗೇ ಇದೆ, ನೋಡ್ಕೊಳ್ಳಿ" ಎಂದ. ಮೇಡಂ ಹೊರಗೆ ಬಂದು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಅವನೂ ನಕ್ಕ. ನಗುವಾಗಲೂ ಮುಂದಿನ ಬಾಗಿಲು ಅಕ್ಕನದು ಎನ್ನುವುದು ಅವನಿಗೆ ಗೊತ್ತಿತ್ತು.

ಬಾಗಿಲು ತೆರೆದಾಗ ಅಕ್ಕನ ತಲೆಗೆ ಟವಲು ಸುತ್ತಿತ್ತು, ಆಗಷ್ಟೇ ಮಿಂದವಳು. ಒಂದು ಕ್ಷಣ ಅವನ ಮುಖದ ಮೇಲೆ ನಿಂತ ಅವಳ ಕಣ್ಣು ಅಲ್ಲಿಂದ ಸರಿದು ಮೇಡಂ ಕಡೆ ಹೋಯಿತು. "ಬನ್ನಿ ಮೇಡಂ. ಬನ್ನಿ ಸಾರ್" ಎಂದಳು. ಅವನಿಗೆ ನಡೆಯಲು ಕಲಿಸಿದವಳು, ಹೋದ ವಾರವಷ್ಟೇ, ಸೊಳ್ಳೆಪರದೆ ಕಟ್ಟೋಕೂ ಬರಲ್ಲ ಈ ಪ್ರಾಣಿಗೆ ಎಂದು ಮಗಳ ಮುಂದೆ ಬೈದವಳು, ಈಗ ಪಕ್ಕಕ್ಕೆ ಸರಿದು ಸಾರ್‌ಗೆ ದಾರಿ ಬಿಟ್ಟಳು. ಅವನು ತಲೆ ತಗ್ಗಿಸಿ ಒಳಗೆ ಹೋದ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಕಿಟಕಿಗೆ ಪರದೆ ಬಂದಿತ್ತು. ನಾಲ್ಕು ವರ್ಷ ಮಡಿಸಿಟ್ಟದ್ದರ ಗೆರೆ ಅದರ ಮೇಲೆ ಹಾಗೇ ಇತ್ತು. ಮೂಗಿಗೆ ಮೊದಲು ಬಡಿದದ್ದು ಸಿಮೆಂಟಿನ ವಾಸನೆ, ಮುಚ್ಚಿಟ್ಟ ಮನೆಯ ವಾಸನೆ. ಅದರ ಮೇಲೆ ತೆಳ್ಳಗೆ ಹಾಲು ಕಾಸಿದ ವಾಸನೆ. ಮೇಡಂ ಅವನು ಹೇಳಿಕೊಟ್ಟಂತೆ ಮುಂಗೈ ಒಲೆಗೆ ಸೋಕಿಸಿ, "ಬಿಸಿ ಇದೆ" ಎಂದು ಖುಷಿಪಟ್ಟರು. ಬ್ರಶ್ಶಿನ ಮೇಲೆ ಹೆಬ್ಬೆರಳು ಎಳೆದರು, ಒದ್ದೆ. ಅಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು, ಊಟದ ಮೇಜಿನ ಪಕ್ಕ ನಿಲ್ಲುವ ಹಾಗೇ. ಕಿಟಕಿಯಾಚೆ ಹಗ್ಗದಲ್ಲಿ ಅವಳ ಎರಡು ಸೀರೆ, ಅವುಗಳ ನಡುವೆ ಅವನ ಮಗಳ ಹಳದಿ ಫ್ರಾಕು. ರಾತ್ರಿ ನೆನೆಸಿಟ್ಟ ಬಟ್ಟೆ.

"ಮಗು ಇದೆಯಾ ಮನೇಲಿ?" ಎಂದು ಮೇಡಂ ಕೇಳಿದರು.

"ತಮ್ಮನ ಮಗಳದು ಮೇಡಂ. ಬಂದು ಹೋಗಿ ಮಾಡ್ತಾಳೆ."

"ತಮ್ಮ ಏನು ಕೆಲಸ?"

"ಸರ್ಕಾರಿ ಕೆಲಸ" ಎಂದಳು ಅಕ್ಕ. ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು, ನಾಟಕದ್ದಲ್ಲ. ಅವನು ಗೋಡೆಯ ಒಂದು ಬಿರುಕನ್ನು ನೋಡುತ್ತ ನಿಂತ.

"ಮತ್ತೆ ಅವರ ಜೊತೇಲೇ ಇರಬಹುದಲ್ಲಮ್ಮ, ಒಬ್ಬರೇ ಯಾಕೆ?"

"ಅವನೇನೋ ಬಿಡೋದೇ ಇಲ್ಲ ಮೇಡಂ, ಇಲ್ಲೇ ಇರು ಅಂತಾನೆ. ಆದ್ರೂ ನಂಗೆ ಅಂತ ಒಂದು ಮನೆ ಕೊಟ್ಟಿದೀರಲ್ಲ ನೀವು. ಇರೋದನ್ನ ಯಾಕೆ ಬಿಡ್ಲಿ?" ಎಂದವಳು ಕಿಟಕಿಯ ಕಡೆ ತಿರುಗಿ, "ಬೆಳಕು ಚೆನ್ನಾಗಿ ಬರತ್ತೆ ಇಲ್ಲಿ. ಈ ವಯಸ್ಸಲ್ಲೂ ಸೂಜಿ ಪೋಣಿಸಬಹುದು" ಎಂದಳು. ಮೇಡಂ ತಲೆದೂಗಿದರು. ಮುಗಿಯಿತು, ಇನ್ನು ಹೊರಡಬಹುದು, ಸಾಕು ಎಂದು ಅವನಿಗೆ ಅನ್ನಿಸಿತು. ಅಕ್ಕ ಇಷ್ಟೊಂದು ಚೆನ್ನಾಗಿ ಬಾಳುತ್ತಿದ್ದಾಳಲ್ಲ ಎಂದು ಅವನಿಗೇ ನಂಬಿಕೆ ಬರತೊಡಗಿತ್ತು.

ಬಚ್ಚಲ ಬಾಗಿಲಲ್ಲಿ ಮೇಡಂ ನಿಂತರು. "ಇಲ್ಲಿ ಏನು ನೋಡ್ತೀರಿ ಸರ್ ನೀವು?" ನೆಲ ಒದ್ದೆಯಿತ್ತು, ಬಕೆಟಿನಲ್ಲಿ ನೀರಿತ್ತು, ಕಿಟಕಿಯ ಕಟ್ಟೆಯ ಮೇಲೆ ಒಂದು ಸೋಪಿತ್ತು, ನೀರು ಬಿದ್ದು ಮಿರಮಿರ ಎನ್ನುತ್ತಿತ್ತು. ಆಮೇಲೆ ಅವನು ಎಷ್ಟು ಸಲ ನೆನೆಸಿಕೊಂಡರೂ ಈ ಜಾಗದಲ್ಲಿ ಒಂದು ಆಲೋಚನೆ ಸಿಕ್ಕಲಿಲ್ಲ. ಆಲೋಚನೆ ಇರಲೇ ಇಲ್ಲ. ಕೈ ಹೋಯಿತು. ಎಷ್ಟೋ ವರ್ಷದಿಂದ ಎಷ್ಟೋ ಬಚ್ಚಲುಗಳಲ್ಲಿ ಹೋದ ಹಾಗೆ ಹೋಗಿ, ಸೋಪನ್ನು ಕಲ್ಲಿನಿಂದ ಕಿತ್ತು ಮಗುಚಿತು. ಕಿತ್ತಾಗ ಟಪ್ಪೆಂದು ಸದ್ದಾಯಿತು. ತಳ ಬಿಳುಚಿ, ಬಿರಿದು, ಬಿರುಕುಗಳಲ್ಲಿ ಕಪ್ಪು ಧೂಳು ಕೂತಿತ್ತು. ನಾಲಿಗೆಯೂ ಕೈಯ ಹಿಂದೆಯೇ ಹೊರಟಿತು. "ತಳ ನೋಡ್ಬೇಕು ಮೇಡಂ. ಮೇಲೆ ಇರೋದು ಇವತ್ತಿನ ನೀರು. ಕೆಳಗೆ ಇರೋದು ವರ್ಷಗಳ ಧೂಳು." ಇದು ಅವನು ಪ್ರತಿ ಹೊಸ ಅಧಿಕಾರಿಗೂ ಹೇಳುವ ಮಾತು, ಹೇಳಿದ ಮೇಲೆ ಒಂದು ಕ್ಷಣ ತಡೆದು ಅವರ ಮುಖ ನೋಡುವುದೂ ಅದರದೇ ಭಾಗ. ನೋಡಿದ. ಮೇಡಂ ಕಣ್ಣು ಅರಳಿದ್ದವು. ಅವರ ಹೆಗಲ ಹಿಂದೆ ಅಕ್ಕ ಕತ್ತು ಚಾಚಿ, ಅವನ ಅಂಗೈ ಮೇಲಿನ ಸೋಪನ್ನು ನೋಡುತ್ತಿದ್ದಳು, ಸಿಟ್ಟಿಲ್ಲದೆ, ಏನನ್ನೋ ಕಲಿಯುವವಳ ಹಾಗೆ.

"ಓ, ತಳ ನೋಡ್ತೀರಾ" ಎಂದಳು.

ಅವನು ಬಾಯಿ ತೆರೆದ. ಹಳೇ ಸೋಪು ಇರಬಹುದು ಮೇಡಂ, ಇನ್ನೊಂದು ಬಳಸ್ತಾ ಇರಬಹುದು ಎಂದು ಹೇಳಿದ್ದರೆ ಸಾಕಿತ್ತು. ಸೋಪು ಸಾಹೇಬನ ಮಾತು ಯಾರೂ ತೆಗೆದುಹಾಕುತ್ತಿರಲಿಲ್ಲ. ಹೊಗಳಿಸಿಕೊಂಡ ಬಾಯಲ್ಲೇ ಅದನ್ನು ಹೇಗೆ ಹೇಳುವುದು ಎನ್ನುವ ನಾಚಿಕೆ, ಇಷ್ಟು ಚಿಕ್ಕ ನಾಚಿಕೆ, ಅಕ್ಕನ ಮನೆಗಿಂತ ದೊಡ್ಡದಾಗಿ ಅಡ್ಡ ಕೂತಿತ್ತು. ಮೇಡಂ ಈಗ ಕೋಣೆಯನ್ನು ಹೊಸದಾಗಿ ನೋಡತೊಡಗಿದರು. ಪರದೆಯ ಮಡಿಕೆಯ ಗೆರೆ ಅವರಿಗೂ ಕಂಡಿತು. ಒಂದೇ ಪಾತ್ರೆ, ಒಂದೇ ಲೋಟ. ಕೆಟ್ಟವರಲ್ಲ, ದನಿ ತಗ್ಗಿಸಿಯೇ ಕೇಳಿದರು. "ಅಮ್ಮ, ನೀವು ಇಲ್ಲಿ ಇರ್ತಾ ಇಲ್ಲ, ಅಲ್ವಾ?"

"ಇರಬೇಕು ಅಂತಾನೇ ಇದ್ದೆ ಮೇಡಂ" ಎಂದಳು ಅಕ್ಕ.

"ಮತ್ತೆ ಇರೋದು ಎಲ್ಲಿ?"

ಅವಳು ತಲೆಯ ಟವಲು ಬಿಚ್ಚಿ, ಕೊಡವಿ, ಮಡಿಸಿದಳು. ಹೇಳಿಬಿಡಲಿ ಎಂದು ಅವನು ಬಯಸಿದ, ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದ, ಎರಡೂ ಒಟ್ಟಿಗೇ. "ಅಲ್ಲಿ ಇಲ್ಲಿ" ಎಂದಳು ಅಕ್ಕ. "ಒಂದು ಕಡೆ ಅಂತ ಏನಿಲ್ಲ." ಮೇಡಂ ಕೇಳಿದಾಗ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅವನ ಕೈಗೇ ಕೊಟ್ಟಳು. ನಿಯಮದ ಪ್ರಕಾರ ಅದನ್ನು ತೆಗೆದುಕೊಳ್ಳಬೇಕಾದವನು ಅವನೇ. ಅವಳ ಬೆರಳು ತಣ್ಣಗಿದ್ದವು. ಪರದೆ ಬಿಚ್ಚಿಕೊಳ್ಳಲೇ ಎಂದು ಕೇಳಿದಳು, ಬಿಚ್ಚಿಕೊಳ್ಳಿ ಎಂದರು ಮೇಡಂ. ಹಗ್ಗದ ಮೇಲಿನ ಬಟ್ಟೆಗಳನ್ನು ಹಿಂಡಿ ಹಿಂಡಿ ಚೀಲಕ್ಕೆ ಹಾಕಿಕೊಂಡಳು. ಹಳದಿ ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಟ್ಟಿಲು ಇಳಿಯುವಾಗ ಮೇಡಂ, "ಪಾಪ ಅನ್ಸತ್ತೆ. ಆದ್ರೆ ಸರದಿಯಲ್ಲಿರೋರೂ ಪಾಪದವರೇ ಅಲ್ವಾ ಸರ್?" ಎಂದರು. "ಹೌದು ಮೇಡಂ." "ಇಂಥದ್ದನ್ನೆಲ್ಲ ನಮಗೆ ಯಾವ ತರಬೇತೀಲೂ ಹೇಳ್ಕೊಡಲ್ಲ." ಅವನಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎನ್ನುವುದು ಮಾತ್ರ ಅನ್ನಿಸಿತು. ಜೀಪಿನ ಕಿಟಕಿಯಿಂದ ನೋಡಿದಾಗ ಅಕ್ಕ ಬಸ್ ನಿಲ್ದಾಣದಲ್ಲಿ, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬಸ್ಸು ಬರುವ ಕಡೆಯೇ ನೋಡುತ್ತ ನಿಂತಿದ್ದಳು. ಜೀಪಿನಲ್ಲಿ ಹಿಂದಿನ ಸೀಟು ಖಾಲಿಯಿತ್ತು.

ಮಧ್ಯಾಹ್ನ ವರದಿ ಬರೆಯಲು ಕೂತ. ಆಗಲೂ ಒಂದು ದಾರಿಯಿತ್ತು. ಇವಳು ನನ್ನ ಅಕ್ಕ, ನನ್ನ ಮನೆಗೋಸ್ಕರ ನನ್ನ ಮನೆಯಲ್ಲಿದ್ದಾಳೆ, ತಪ್ಪು ನನ್ನದು ಎಂದು ಬರೆಯಬಹುದಿತ್ತು. ಮೇಡಂ ಕರುಣೆ ಇದ್ದವರು, ಏನಾದರೂ ಮಾಡುತ್ತಿದ್ದರೇನೋ. ಪಕ್ಕದ ಮೇಜಿನವನು ಬಂದು, "ಏನು ಸಾರ್, ಇವತ್ತೂ ಬೇಟೆಯಂತೆ?" ಎಂದು ಬೆನ್ನು ತಟ್ಟಿದ. ಸುದ್ದಿ ಆಗಲೇ ಬಂದಿತ್ತು. ಅವನು ನಕ್ಕ. ವಾಸದ ಗುರುತು ಕಂಡುಬಂದಿಲ್ಲ ಎಂದು ಬರೆದ. ಅದು ಮಂಡಳಿಯ ಸಿದ್ಧ ವಾಕ್ಯ, ಬರೆಯಲು ತಲೆ ಬೇಡ, ಕೈ ಸಾಕು. ಸಂಜೆ ಹಳೆಯ ವಠಾರದ ಜಾಗ ಹಾಯುವಾಗ ದೀಪ ಹತ್ತಿದ್ದವು. ಅಡುಗೆಮನೆಯ ಬೆಂಚಿನ ಮೇಲೆ ಒಂದು ಜೋಡಿ ಕೂತಿತ್ತು. ಕಾವಲುಗಾರ ಸೆಲ್ಯೂಟು ಹೊಡೆದು, "ಆರಾಮಾ ಸಾರ್?" ಎಂದ. ಅವನು ಮೊದಲ ಸಲ ನಿಂತು, "ನೀವು ಈಗ ಎಲ್ಲಿ ಮಲಗ್ತೀರಿ?" ಎಂದು ಕೇಳಿದ. ಕಾವಲುಗಾರನ ನಗು ಸ್ವಲ್ಪ ಗಾಬರಿಗೊಂಡಿತು. "ಯಾಕೆ ಸಾರ್? ಅಲ್ಲೂ ತಪಾಸಣೆ ಇದೆಯಾ?" ಎಂದ.

ಮನೆಯ ಬಾಗಿಲು ತೆರೆದಾಗ ಅಡುಗೆಮನೆಯಲ್ಲಿ ಸದ್ದಿತ್ತು. ನಲ್ಲಿ, ಮುಚ್ಚಳ, ಕೆಮ್ಮು. ಮಗಳ ತಲೆಯಲ್ಲಿ ಬಿಗಿಯಾದ ಎರಡು ಜಡೆ, ಬಾಲ್ಕನಿಯ ಹಗ್ಗದಲ್ಲಿ ಹಳದಿ ಫ್ರಾಕು. ಹೆಂಡತಿ ಮೆಲ್ಲಗೆ, "ಯಾರೋ ಗೆಳತಿ ಮನೆಗೆ ಹೋಗಿದ್ರಂತೆ. ಹೇಳಿ ಹೋಗಿದ್ರೆ ನಾನೇನು ಬೇಡ ಅಂತಿದ್ನಾ?" ಎಂದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ ಅವನು ನಿಂತ. ಅಕ್ಕ ತಿರುಗಿ ನೋಡಿ, "ಬಂದ್ಯಾ? ಮುಖ ಯಾಕೋ ಹಾಗಿದೆ? ಕೈಕಾಲು ತೊಳ್ಕೊಂಡು ಬಾ, ಬಡಿಸ್ತೀನಿ" ಎಂದಳು, ಎಂದಿನಂತೆ. ಅಷ್ಟೇ. ಒಂದು ಮಾತು ಬೈದಿದ್ದರೆ ಅವನು ಅಲ್ಲೇ ನೆಲಕ್ಕೆ ಕುಸಿದು ಅತ್ತುಬಿಡುತ್ತಿದ್ದ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಮುಖ ತೊಳೆಯದೆ ಸುಮ್ಮನೆ ನಿಂತ. ಕಣ್ಣು ತನ್ನ ಕೆಲಸ ಶುರುಮಾಡಿತ್ತು. ಬ್ರಶ್ಶಿನ ಲೋಟದಲ್ಲಿ ಮೂರು ಬ್ರಶ್ಶು: ಅವನದು, ಹೆಂಡತಿಯದು, ಮಗಳದು. ಸೋಪಿನ ಸ್ಟ್ಯಾಂಡಿನಲ್ಲಿ ಮೂರು ಸೋಪು. ಕಂಬಿಯ ಮೇಲೆ ಮೂರು ಟವಲು. ಮೊಳೆ, ಕನ್ನಡಿ, ಬಾಚಣಿಗೆ, ಎಲ್ಲಿ ನೋಡಿದರೂ ಮೂರು ಜನ. ಅವನು ಹಾಲ್‌ಗೆ ಬಂದ. ಸುರುಳಿ ಸುತ್ತಿದ ಚಾಪೆ ಯಾವ ಅತಿಥಿಯದೂ ಆಗಬಹುದಿತ್ತು. ಈ ಮನೆಗೆ ತಾನೇ ತಪಾಸಣೆಗೆ ಬಂದಿದ್ದರೆ, ಇಲ್ಲಿ ನಾಲ್ಕನೆಯವರು ಯಾರೂ ಬಾಳುತ್ತಿಲ್ಲ ಎಂದು ಕಣ್ಣುಮುಚ್ಚಿ ಬರೆದುಕೊಡುತ್ತಿದ್ದ.

ಬಾಗಿಲ ಹಿಂದಿನ ಮೊಳೆಯಲ್ಲಿ ಚೀಲ ಮರಳಿ ಬಂದಿತ್ತು. ಅವನು ಯಾವತ್ತೂ ಅದನ್ನು ಮುಟ್ಟಿದವನಲ್ಲ. ಒಳಗೆ ಮಡಿಸಿದ ಟವಲು, ಟೋಪಿ ಹಾಕಿದ ಬ್ರಶ್ಶು, ಬಿಳಿ ಪರದೆ, ಒಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ತೆರೆದ. ಒಳಗಿನ ಸೋಪು ಮೆತ್ತಗಿತ್ತು, ಮಗುಚಿದರೆ ತಳ ಇನ್ನೂ ಮೆತ್ತಗೆ, ಬೆರಳಿಗೆ ಲೋಳೆ ಹತ್ತಿತು. ಇವತ್ತು ಬೆಳಿಗ್ಗೆ ಅವಳು ಅಲ್ಲಿ ಮಿಂದದ್ದು ಈ ಸೋಪಿನಲ್ಲಿ. ಮಿಂದ ಮೇಲೆ, ತನ್ನ ಸ್ವಂತ ಮನೆಯ ಕಟ್ಟೆಯ ಮೇಲೆ ಇದನ್ನು ಬಿಟ್ಟಿದ್ದರೆ ಸಾಕಿತ್ತು. ಅವನ ಕೈಯೇ ಅದನ್ನು ಮಗುಚಿ ವಾಸವಿದೆ ಎಂದು ಸಾಕ್ಷಿ ಹೇಳುತ್ತಿತ್ತು. ಅವಳು ಬಿಡಲಿಲ್ಲ. ಇಲ್ಲಿ ದಿನಾ ಮಾಡುವ ಹಾಗೆ ಒರೆಸಿ, ಡಬ್ಬಿಗೆ ಹಾಕಿ, ಚೀಲದಲ್ಲಿಟ್ಟುಬಿಟ್ಟಳು. ಅವಳ ಕೈಗೂ ಅದೇ ಅಭ್ಯಾಸ. ಆ ಅಭ್ಯಾಸವಾದದ್ದು ಈ ಮನೆಯಲ್ಲಿ.

ಜೋಮು ಹಿಡಿದ ಕಡೆ ಸಣ್ಣಗೆ ಚುಚ್ಚತೊಡಗಿತು. ಅವನು ಸೋಪನ್ನು ಅಂಗೈಯಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗಿ, ಸ್ಟ್ಯಾಂಡಿನ ಮೇಲೆ ಮಿಕ್ಕ ಮೂರನ್ನು ಒತ್ತರಿಸಿ, ಅವುಗಳ ಪಕ್ಕದಲ್ಲಿಟ್ಟ. ಜಾಗ ಸಾಕಾಯಿತು. ಹೊರಗೆ ಬಂದು ಮೇಜಿಗೆ ಕೂತ. ಹೆಂಡತಿ ಕೈ ತೊಳೆಯಲು ಒಳಗೆ ಹೋದಳು. ನೀರಿನ ಸದ್ದು ನಿಂತಿತು.

"ರೀ, ಇದ್ಯಾರ ಸೋಪು ಇಲ್ಲಿ?"

ಅವಳ ದನಿಯಲ್ಲಿ ಕೆಡುಕಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಅವನು ಉತ್ತರ ಹೇಳಲು ಎದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಾಗಿತ್ತು. "ನಂದೇ ಕಣಮ್ಮ. ಮರೆತು ಇಟ್ಟುಬಿಟ್ಟಿದೀನಿ" ಎಂದು ಸೋಪನ್ನು ಎತ್ತಿಕೊಂಡು, ಅವನ ಕಡೆ ನೋಡದೆ, ಸೆರಗಿನ ತುದಿಯಿಂದ ಅದರ ತಳವನ್ನು ನಿಧಾನವಾಗಿ ಒರೆಸಿದಳು. ಡಬ್ಬಿಗೆ ಹಾಕಿದಳು. ಚೀಲ ಮೊಳೆಗೆ ಹೋಯಿತು. "ಬಾರೋ ಊಟಕ್ಕೆ" ಎಂದು ಒಳಗಿನಿಂದಲೇ ಕರೆದಳು.

ಅವನು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಸ್ಟ್ಯಾಂಡಿನ ಮೇಲೆ ಸೋಪು ಇದ್ದ ಜಾಗದಲ್ಲಿ ಒಂದು ಒದ್ದೆಯ ಗುರುತಿತ್ತು. ಅವನು ನೋಡುತ್ತಿದ್ದ ಹಾಗೇ ಅಂಚಿನಿಂದ ಆರುತ್ತ ಬಂದು, ಸ್ವಲ್ಪ ಹೊತ್ತಿನಲ್ಲಿ ಅದೂ ಹೋಯಿತು.